ಜೂನ್ 22ರ ಬೆಳಿಗ್ಗೆ ಏನು ಮಾಡುತ್ತೀರಿ?

ಪ್ರೀತಿಯ ಪೋಷಕರೇ,

ನಮಸ್ಕಾರ. ಶಾಲೆ ಶುರುವಾಯಿತು, ಜೊತೆಗೆ ಮಳೆಯೂ ಬಂತು. ಜೂನ್ 21ಕ್ಕೆ ಯೋಗ ದಿನ. 2015ರಲ್ಲಿ ಮೊದಲ ಸಲ ಆಚರಿಸಿದ ಮೇಲೆ ಎಲ್ಲ ಶಾಲೆಗಳಲ್ಲೂ ಇದಕ್ಕೊಂದು ಕ್ರಮ ಬಂದಿದೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಕೈ ಎತ್ತುತ್ತಾರೆ, ನಾವು ಫೋಟೋ ತೆಗೆಯುತ್ತೇವೆ. ಮರುದಿನ ಚಾಪೆ ಸುತ್ತಿ ಸ್ಟೋರ್ ರೂಮಿಗೆ ಹಾಕುತ್ತೇವೆ. ಈ ಸಲ ಆ ಮರುದಿನದ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು ಅನಿಸಿತು.

ಪಿ.ಟಿ.ಎ. ಸಭೆಯಲ್ಲಿ ಹಲವರು ಕೇಳುವುದು ಒಂದೇ. "ಟೀಚರೇ, ಇವನಿಗೆ ಒಂದು ಕಡೆ ಕೂತು ಓದಲು ಆಗುವುದಿಲ್ಲ. ಶಾಲೆಯಲ್ಲಿ ಸ್ವಲ್ಪ ಧ್ಯಾನ ಮಾಡಿಸಿ." ಹಾಗೆ ಹೇಳುತ್ತಿರುವಾಗಲೇ ಕೆಲವರ ಕಣ್ಣು ಎರಡು ಸಲ ಫೋನಿಗೆ ಹೋಗಿ ಬರುತ್ತದೆ. ಬೇಸರ ಮಾಡಬೇಡಿ, ನನ್ನ ಕಣ್ಣೂ ಹೋಗುತ್ತದೆ. ಅದಕ್ಕೇ ಹೇಳುವುದು: ಮಗುವಿಗೆ ಯೋಗ ಮಾಡು ಅನ್ನಬೇಡಿ. ದಿನಕ್ಕೆ ಹತ್ತು ನಿಮಿಷ ನೀವು ಮಾಡಿ. ಮಗು ಪಕ್ಕದಲ್ಲಿ ಬಂದು ಕೂತರೆ ಕೂರಲಿ, ಇಲ್ಲದಿದ್ದರೆ ಬೇಡ.

"ನಮಗೆಲ್ಲಿ ಪುರುಸೊತ್ತು ಟೀಚರೇ" ಅನ್ನುತ್ತೀರಿ, ಗೊತ್ತು. ಪುಸ್ತಕದಲ್ಲಿ ನಾಲ್ಕು ಗಂಟೆಗೇ ಏಳಿ ಅಂತ ಇರುತ್ತದೆ. ನಮ್ಮ ಊರಲ್ಲಿ ಆ ಹೊತ್ತಿಗೆ ಎದ್ದವರು ರಬ್ಬರ್ ಟ್ಯಾಪಿಂಗಿಗೆ ಹೋಗಿರುತ್ತಾರೆ, ಇಲ್ಲವೇ ಹಟ್ಟಿಯಲ್ಲಿ ಹಾಲು ಕರೆಯುತ್ತಿರುತ್ತಾರೆ. ಆಮೇಲೆ ಮದ್ರಸಕ್ಕೆ ಹೋಗುವ ಮಕ್ಕಳು, ತಿಂಡಿ, ಬುತ್ತಿ, ಬಸ್ಸು. ಹಾಗಾಗಿ ಗಡಿಯಾರ ನೋಡಿ ಸಮಯ ಇಡಬೇಡಿ. ಹೇಗೂ ದಿನಾ ನಡೆಯುವ ಒಂದು ಕೆಲಸದ ಬೆನ್ನಿಗೇ ಇದನ್ನು ಕಟ್ಟಿಬಿಡಿ. ಡೈರಿಗೆ ಹಾಲು ಕೊಟ್ಟು ಬಂದ ಕೂಡಲೇ, ಚಹಾ ಕುಡಿಯುವ ಮೊದಲು. ಅಥವಾ ಸಂಜೆ ದೀಪ ಹಚ್ಚಿದ ಮೇಲೆ, ಅಥವಾ ಮಗ್ರಿಬ್ ನಮಾಜು ಮುಗಿಸಿ ಎದ್ದ ಮೇಲೆ. ನಿತ್ಯ ಹೊತ್ತಿಗೆ ಸರಿಯಾಗಿ ಪ್ರಾರ್ಥನೆ ಮಾಡುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹೊತ್ತು ಬಂದರೆ ಕಾಲು ತಾನಾಗಿ ಅತ್ತ ಹೋಗುತ್ತದೆ ಅಲ್ವಾ? ಹೊಟ್ಟೆ ಮಾತ್ರ ಖಾಲಿ ಇರಬೇಕು. ಊಟ ಮಾಡಿದ್ದರೆ ಮೂರು ನಾಲ್ಕು ಗಂಟೆ ಕಳೆಯಲಿ.

ಇನ್ನು ಯಾವ ಆಸನ? ಮೊಬೈಲಿನಲ್ಲಿ ನೋಡಿದರೆ ತಲೆ ಕೆಳಗೆ ಮಾಡಿ ನಿಂತವರೇ ಜಾಸ್ತಿ. ಅದು ನಮಗೆ ಬೇಡ. ನಿಮ್ಮ ಮೈ ದಿನವಿಡೀ ಏನು ಮಾಡುತ್ತದೆ ನೋಡಿ, ಅದರ ವಿರುದ್ಧ ದಿಕ್ಕಿಗೆ ಅದನ್ನು ಸ್ವಲ್ಪ ತಿರುಗಿಸಿ. ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು, ಹೊಲಿಗೆ ಮಷಿನ್ ತುಳಿಯುವವರು, ನಮ್ಮಂಥ ಪೇಪರ್ ತಿದ್ದುವವರು, ಎಲ್ಲರೂ ಮುಂದಕ್ಕೆ ಬಾಗಿಯೇ ಕೂರುವವರು. ಹೆಗಲು, ಕುತ್ತಿಗೆ ನೋಯುವುದು ಅದಕ್ಕೇ. ಇವರಿಗೆ ಭುಜಂಗಾಸನ ಒಳ್ಳೆಯದು. ಬೋರಲು ಮಲಗಿ, ಅಂಗೈ ಎದೆಯ ಪಕ್ಕ ಇಟ್ಟು, ಉಸಿರು ತೆಗೆದುಕೊಳ್ಳುತ್ತ ಎದೆ ಎತ್ತಿ. ಹೊಕ್ಕುಳು ನೆಲದಲ್ಲೇ ಇರಲಿ. ಕೈಯಿಂದ ನೂಕಬೇಡಿ, ಬೆನ್ನು ಎಷ್ಟು ಎತ್ತುತ್ತದೋ ಅಷ್ಟು ಸಾಕು. ಅದಕ್ಕೆ ಮೊದಲು ಬೆಕ್ಕಿನ ಹಾಗೆ ನಾಲ್ಕು ಕಾಲಲ್ಲಿ ನಿಂತು ಬೆನ್ನನ್ನು ಮೇಲೆ ಕೆಳಗೆ ಮಾಡುವ ಮಾರ್ಜಾರಿಯಾಸನ, ಆಮೇಲೆ ಹಿಮ್ಮಡಿ ಮೇಲೆ ಕೂತು ಮುಂದಕ್ಕೆ ಬಾಗಿ ಹಣೆ ನೆಲಕ್ಕೆ ತಾಗಿಸಿ ಶಶಾಂಕಾಸನ. ಒಂದೊಂದರಲ್ಲಿ ಐದಾರು ಉಸಿರು ನಿಧಾನವಾಗಿ ಆಡಿದರೆ ಐದು ನಿಮಿಷ ಆಗಿಯೇ ಹೋಯಿತು. ತೋಟದಲ್ಲಿ ದಿನವಿಡೀ ಓಡಾಡಿದವರಿಗೆ ಇಷ್ಟೂ ಬೇಡ, ಸುಮ್ನೆ ಅಂಗಾತ ಮಲಗಿ ಮೈ ಸಡಿಲ ಬಿಡುವ ಶವಾಸನ ಸಾಕು.

ಮಂಡಿ ನೋವಿನ ಅಜ್ಜಿಯಂದಿರು ಕುರ್ಚಿಯಲ್ಲೇ ಕೂತು ಮಾಡಲಿ. ಅದು ಯೋಗ ಅಲ್ಲ ಅಂತ ಯಾರಾದರೂ ನಕ್ಕರೆ ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಹೆಸರು ಹೇಳಿ. ಕೋಲಾರ ಕಡೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದು ಸೊರಗಿದ್ದ ಅವರು ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಕಲಿತರು. ಮುಂದೆ ಪುಣೆಯಲ್ಲಿ ಪಾಠ ಹೇಳುವಾಗ ಬಾಗಲಾರದವರಿಗಾಗಿ ಕುರ್ಚಿ, ಪಟ್ಟಿ, ಮರದ ಇಟ್ಟಿಗೆ ಎಲ್ಲ ಬಳಸಿದರು. ಬಿ.ಪಿ. ಜಾಸ್ತಿ ಇರುವವರು, ಕಣ್ಣಿನೊಳಗಿನ ಒತ್ತಡ ಇರುವವರು ತಲೆ ಕೆಳಗೆ ಬರುವ ಯಾವ ಆಸನವನ್ನೂ ಡಾಕ್ಟರನ್ನು ಕೇಳದೆ ಮಾಡಬಾರದು. ಗರ್ಭಿಣಿಯರು, ಆಪರೇಷನ್ ಆದವರು ಶುರು ಮಾಡುವ ಮೊದಲೇ ಕೇಳಿ.

ಉಳಿದ ಐದು ನಿಮಿಷ ಕೂರಲಿಕ್ಕೆ. ಗೋಡೆಗೆ ಒರಗಿದರೂ ಅಡ್ಡಿಯಿಲ್ಲ. ಉಸಿರು ಹೊರಗೆ ಹೋದಾಗ ಒಂದು, ಮತ್ತೆ ಹೋದಾಗ ಎರಡು, ಹೀಗೆ ಹತ್ತರವರೆಗೆ ಎಣಿಸಿ. ಮತ್ತೆ ಒಂದರಿಂದ. ಮೂರಕ್ಕೆ ಬರುವಷ್ಟರಲ್ಲಿ ಅಂಗಳದಲ್ಲಿ ಹಾಕಿದ ಬಟ್ಟೆ ನೆನಪಾಗುತ್ತದೆ, ಸೊಸೈಟಿಯ ಕಂತು ನೆನಪಾಗುತ್ತದೆ. "ನನಗೆ ಧ್ಯಾನ ಹತ್ತುವುದಿಲ್ಲ" ಅಂತ ಹೆಚ್ಚಿನವರು ಏಳುವುದು ಇಲ್ಲೇ. ಆದರೆ ಮನಸ್ಸು ಹೋಯಿತು ಅಂತ ಗೊತ್ತಾದ ಆ ಕ್ಷಣವೇ ಕೆಲಸ ನಡೆಯುವ ಜಾಗ. ಬೈದುಕೊಳ್ಳದೆ ಮತ್ತೆ ಒಂದರಿಂದ ಎಣಿಸಿ, ಅಷ್ಟೇ. ಉಸಿರು ಬಿಡುವುದನ್ನು ಸ್ವಲ್ಪ ಉದ್ದ ಮಾಡಿದರೆ ಇನ್ನೂ ಸುಲಭ. ಉಸಿರು ಒಳಗೆ ಹೋಗುವಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ಹೊರಗೆ ಬರುವಾಗ ಇಳಿಯುತ್ತದೆ. ಕೋಪ ಬಂದಾಗ ದೊಡ್ಡವರು "ಒಂದು ಉಸಿರು ಬಿಡು ಮಾರಾಯ" ಅನ್ನುವುದರಲ್ಲಿ ಅರ್ಥ ಇದೆ. ಮಕ್ಕಳಿಗೆ ಉಸಿರು ಬಿಗಿಹಿಡಿಯುವ ಪ್ರಾಣಾಯಾಮ ಮಾತ್ರ ಕಲಿಸಬೇಡಿ.

ಒಂದು ಮಾತು ಬಿಡಿಸಿಯೇ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಮಾತಾಡುವ ಮನೆಗಳ ಮಕ್ಕಳಿದ್ದಾರೆ, ಎಲ್ಲ ದೇವರನ್ನು ನಂಬುವವರೂ ಇದ್ದಾರೆ. ಮಂತ್ರ, ಓಂಕಾರ, ಸೂರ್ಯ ನಮಸ್ಕಾರ ಬೇಕಾದವರು ಮಾಡಲಿ. ಬೇಡದವರು ಬಿಡಲಿ. ಬೆನ್ನು ನೆಟ್ಟಗಾಗುವುದಕ್ಕೆ, ಉಸಿರು ಎಣಿಸುವುದಕ್ಕೆ ಅದರಿಂದ ಏನೂ ತೊಂದರೆ ಇಲ್ಲ.

ಮಳೆಗಾಲದಲ್ಲಿ ಟೈಲ್ಸ್ ನೆಲ ಬೆವರುತ್ತದೆ, ಜಾರುತ್ತದೆ. ಚಾಪೆಯ ಅಡಿಗೆ ಒಂದು ಗೋಣಿ ಹಾಸಿಕೊಳ್ಳಿ. ದುಬಾರಿ ಮ್ಯಾಟ್ ಕೊಳ್ಳಲೇಬೇಕು ಅಂತಿಲ್ಲ.

ವಾಟ್ಸಾಪ್ ಗ್ರೂಪಿಗೆ ಯೋಗದ ಫೋಟೋ ಕಳಿಸಿ ಅಂತ ಶಾಲೆಯಿಂದ ಯಾರೂ ಕೇಳುವುದಿಲ್ಲ. ಮಾರ್ಕು, ಬಹುಮಾನ ಏನೂ ಇಲ್ಲ. ಮಗ ಹತ್ತು ನಿಮಿಷ ಆಸನ ಮಾಡಿದ ಅಂತ ಅವನ ಆಟಕ್ಕೂ ಕತ್ತರಿ ಹಾಕಬೇಡಿ. ಈ ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಮೈ ಬೆವರುವ ಹಾಗೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಆಸನ ಸರಿಯಾಗಿದೆಯೋ ಇಲ್ಲವೋ ಅಂತ ಸಂಶಯ ಇದ್ದವರು ಜೂನ್ ತಿಂಗಳ ಶುಕ್ರವಾರಗಳಲ್ಲಿ ಸಂಜೆ ಶಾಲೆ ಬಿಟ್ಟ ಮೇಲೆ ಹಾಲ್‌ಗೆ ಬನ್ನಿ. ಪಿ.ಟಿ. ಮಾಸ್ತರು ಅರ್ಧ ಗಂಟೆ ಅಲ್ಲಿರುತ್ತಾರೆ. ಸಡಿಲವಾದ ಬಟ್ಟೆ ಇರಲಿ, ಚಾಪೆ ಇಲ್ಲಿಯೇ ಇದೆ. ಅಪ್ಪಂದಿರೂ ಬರಬಹುದು. ಸಭೆಗೆ ಅಮ್ಮಂದಿರನ್ನು ಮಾತ್ರ ಕಳಿಸುವ ಅಭ್ಯಾಸ ಇಲ್ಲಿಗೂ ಬೇಡ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯಿನಿ