ಅಪ್ಪನಿಗೆ ಒಂದು ಪತ್ರ: ಶಾಲೆಯಲ್ಲಿ ನನ್ನ ಕೆಲಸ

ತೀರ್ಥರೂಪ ಅಪ್ಪನವರಿಗೆ, ನಿಮ್ಮ ಮಗಳ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. "ಅವಳು ಟೀಚರೂ ಅಲ್ಲ, ಡಾಕ್ಟರೂ ಅಲ್ಲ, ಶಾಲೆಯಲ್ಲಿ ಮತ್ತೇನು ಮಾಡ್ತಾಳೆ?" ಅಂತ ದೊಡ್ಡಪ್ಪ ಕೇಳಿದರು, ನಿಮಗೆ ಉತ್ತರ ಹೇಳಲು ಆಗಲಿಲ್ಲ ಅಂದಿರಲ್ಲ. ಫೋನಿನಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ಬೇರೆ ಮಾತು ಬಂದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು ನೀವು, ನಿಮಗೆ ಬೇಗ ಅರ್ಥವಾಗುತ್ತದೆ.

ನನ್ನ ಕೆಲಸಕ್ಕೆ ಸ್ಕೂಲ್ ಸೈಕಾಲಜಿಸ್ಟ್, ಅಂದರೆ ಶಾಲೆಯ ಮನಶ್ಶಾಸ್ತ್ರಜ್ಞೆ ಅನ್ನುತ್ತಾರೆ. ನಾನು ಔಷಧಿ ಬರೆದುಕೊಡುವುದಿಲ್ಲ. ಪಾಠ ಮಾಡುವುದಿಲ್ಲ. "ತಲೆ ಕೆಟ್ಟ ಮಕ್ಕಳನ್ನು ನೋಡುವವಳು" ಅನ್ನುವ ಮಾತನ್ನಂತೂ ದೊಡ್ಡಪ್ಪನ ಬಾಯಿಂದ ದಯವಿಟ್ಟು ಬಿಡಿಸಿ. ಎಷ್ಟು ಹೇಳಿಕೊಟ್ಟರೂ ಒಂದು ಮಗುವಿಗೆ ಓದು ಹತ್ತುತ್ತಿಲ್ಲ, ಅಥವಾ ಅದಕ್ಕೆ ತರಗತಿಯಲ್ಲಿ ಕೂರಲಾಗುತ್ತಿಲ್ಲ ಎಂದಾಗ, ಯಾಕೆ ಎಂದು ಪತ್ತೆ ಮಾಡುವವಳು ನಾನು. ಆಮೇಲೆ ಏನು ಮಾಡಬೇಕು ಎಂದು ಟೀಚರ್ ಜೊತೆ, ಮನೆಯವರ ಜೊತೆ ಕೂತು ಯೋಚಿಸುವವಳೂ ನಾನೇ.

ಅಮೆರಿಕದಲ್ಲಿ ಇದಕ್ಕೆ ಕಾನೂನಿನ ಬಲ ಇದೆ. 1975ಕ್ಕೆ ಮೊದಲು ಇಲ್ಲಿಯೂ ಅಂಗವಿಕಲ ಮಕ್ಕಳನ್ನು "ನಮ್ಮಲ್ಲಿ ಆಗುವುದಿಲ್ಲ" ಎಂದು ಶಾಲೆಗಳು ವಾಪಸು ಕಳಿಸುತ್ತಿದ್ದವು. ಹಾಗೆ ಹತ್ತು ಲಕ್ಷ ಮಕ್ಕಳು ಸರ್ಕಾರಿ ಶಾಲೆಯಿಂದ ಪೂರ್ತಿ ಹೊರಗಿದ್ದಾರೆ ಎಂದು ಆ ವರ್ಷ ಬಂದ ಕಾನೂನಿನಲ್ಲೇ ಬರೆದಿದೆ. ಅಂಥ ಪ್ರತಿ ಮಗುವಿಗೂ ಉಚಿತವಾಗಿ, ಅದಕ್ಕೆ ತಕ್ಕ ರೀತಿಯಲ್ಲಿ ಕಲಿಸಲೇಬೇಕು ಅನ್ನುವುದು ಆಗ ಆದ ನಿಯಮ. ಈಗ ಆ ಕಾನೂನನ್ನು ಐಡಿಇಎ ಅನ್ನುತ್ತಾರೆ.

ಮಗುವಿಗೆ ವಿಶೇಷ ಸಹಾಯ ಬೇಕೇ ಎಂದು ಮೊದಲ ಸಲ ಪರೀಕ್ಷಿಸಬೇಕಾದರೆ ತಂದೆ ತಾಯಿ ಬರೆದು ಒಪ್ಪಿಗೆ ಕೊಡಬೇಕು. ಒಪ್ಪಿಗೆ ಬಂದ ದಿನದಿಂದ 60 ದಿನದೊಳಗೆ ಎಲ್ಲ ಮುಗಿಯಬೇಕು. ಕೆಲವು ರಾಜ್ಯಗಳ ಗಡುವು ಬೇರೆ ಇದೆ.

ಹೇಗೆ ನೋಡುತ್ತೇವೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಮಕ್ಕಳ ಗುಟ್ಟು ಮನೆಯವರಿಗೂ ಹೇಳುವಂತಿಲ್ಲ, ಹಾಗಾಗಿ ಇದು ಹಲವು ಮಕ್ಕಳನ್ನು ಸೇರಿಸಿ ಮಾಡಿದ ಹುಡುಗ ಅಂದುಕೊಳ್ಳಿ. ಎಂಟು ವರ್ಷ. ಓದುವ ಪಾಠ ಶುರುವಾದ ಕೂಡಲೇ ಪಕ್ಕದವನಿಗೆ ಪೆನ್ಸಿಲ್‌ನಿಂದ ಚುಚ್ಚುತ್ತಾನೆ. ಟೀಚರ್ ಅವನನ್ನು ಆಫೀಸಿಗೆ ಕಳಿಸುತ್ತಾರೆ. ದಿನಾ ಇದೇ. ಬಹಳ ತುಂಟ ಅಂತ ಕಾಗದದಲ್ಲಿ ಬರೆದು ನನಗೆ ಕೊಡುತ್ತಾರೆ. ನಾನು ತರಗತಿಯ ಹಿಂದೆ ಕೂತು ನೋಡುತ್ತೇನೆ. ಚುಚ್ಚುವ ಮೊದಲು ಏನಾಯಿತು, ಆಮೇಲೆ ಅವನಿಗೆ ಏನು ಸಿಕ್ಕಿತು, ಎಲ್ಲ ಬರೆದುಕೊಳ್ಳುತ್ತೇನೆ. ಲೆಕ್ಕದ ಪಾಠದಲ್ಲಿ ಅವನು ತಂಟೆ ಮಾಡುವುದೇ ಇಲ್ಲ. ಜೋರಾಗಿ ಓದುವ ಸರದಿ ಹತ್ತಿರ ಬಂದಾಗ ಮಾತ್ರ ಪೆನ್ಸಿಲ್ ಕೈಗೆ ಬರುತ್ತದೆ. ಆಫೀಸಿಗೆ ಹೋದರೆ ಓದುವುದು ತಪ್ಪುತ್ತದಲ್ಲ! ಶಿಕ್ಷೆ ಅಂತ ನಾವು ಅಂದುಕೊಂಡದ್ದು ಅವನಿಗೆ ಬಿಡುಗಡೆ. ಆಮೇಲೆ ಓದಿಸಿ ನೋಡಿದರೆ ಅಕ್ಷರಗಳನ್ನು ಅವುಗಳ ಉಚ್ಚಾರದ ಜೊತೆ ಜೋಡಿಸಲು ಅವನಿಗೆ ತುಂಬಾ ಕಷ್ಟವಾಗುತ್ತಿದೆ. ಓದುವುದನ್ನು ಬೇರೆ ಕ್ರಮದಲ್ಲಿ, ನಿಧಾನವಾಗಿ ಹೇಳಿಕೊಟ್ಟರೆ ಪೆನ್ಸಿಲ್ ಗಲಾಟೆ ಮುಕ್ಕಾಲು ಪಾಲು ತಾನೇ ನಿಲ್ಲುತ್ತದೆ.

ಐಕ್ಯು ಪರೀಕ್ಷೆ ಮಾಡ್ತೀಯಾ ಅಂತ ನೀವು ಒಮ್ಮೆ ಕೇಳಿದ್ದಿರಿ. ಮಾಡುತ್ತೇನೆ. ಸರಾಸರಿ 100, ಸುಮಾರು ಮೂರರಲ್ಲಿ ಎರಡು ಭಾಗದಷ್ಟು ಮಕ್ಕಳು 85ರಿಂದ 115ರ ಒಳಗೆ ಬರುತ್ತಾರೆ. ಜನ ಆ ಒಂದು ಅಂಕಿಯನ್ನು ಜಾತಕದ ಹಾಗೆ ನಂಬುತ್ತಾರೆ, ನನಗೆ ಅದು ಕಂಡರೆ ಆಗುವುದಿಲ್ಲ. ಕಾನೂನೂ ಒಂದೇ ಪರೀಕ್ಷೆಯ ಮೇಲೆ ತೀರ್ಮಾನ ಮಾಡಬಾರದು ಅನ್ನುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಪರೀಕ್ಷೆಗಳನ್ನು ನಂಬಿ ಕಪ್ಪು ಮಕ್ಕಳನ್ನು ಲೆಕ್ಕಕ್ಕಿಂತ ಜಾಸ್ತಿ "ಮಂದಬುದ್ಧಿ" ತರಗತಿಗಳಿಗೆ ತುಂಬಿದ್ದರು. ಪೋಷಕರು ಕೋರ್ಟಿಗೆ ಹೋದರು. ಆ ಪರೀಕ್ಷೆಗಳಲ್ಲಿ ಪಕ್ಷಪಾತ ಇದೆ ಎಂದು 1979ರಲ್ಲಿ ತೀರ್ಪು ಬಂತು.

ನಿಮಗೆ ಇಷ್ಟವಾಗುವ ಇನ್ನೊಂದು ನಿಯಮ ಇದೆ. ಮಗುವಿಗೆ ಸರಿಯಾಗಿ ಪಾಠವೇ ಆಗಿಲ್ಲದಿದ್ದರೆ, ಅಥವಾ ಇಂಗ್ಲಿಷ್ ಇನ್ನೂ ಬಾರದಿರುವುದೇ ತೊಂದರೆಯ ಮೂಲವಾಗಿದ್ದರೆ, ಆ ಮಗುವಿಗೆ ನ್ಯೂನತೆ ಇದೆ ಎಂದು ಬರೆಯುವಂತಿಲ್ಲ. ತಪ್ಪು ಮೇಷ್ಟರದೋ ಮಗುವಿನದೋ ಅಂತ ಮೊದಲು ನೋಡಬೇಕು ಅಂತ ನೀವು ಸ್ಟಾಫ್ ರೂಮಿನಲ್ಲಿ ಜಗಳವಾಡುತ್ತಿದ್ದದ್ದೂ ಇದೇ ಅಲ್ವಾ?

ಕಷ್ಟ ಇರುವುದು ಇಲ್ಲಿ, ಅಪ್ಪ. ನನಗೆ ಸಂಬಳ ಕೊಡುವುದು ಶಾಲೆ. ಆದರೆ ನಾನು ಮಾತಾಡಬೇಕಾದದ್ದು ಮಗುವಿನ ಪರವಾಗಿ. ಬಹಳ ಸಲ ಎರಡೂ ಒಂದೇ ಆಗಿರುತ್ತವೆ, ಕೆಲವು ಸಲ ಆಗುವುದಿಲ್ಲ. ವಿಶೇಷ ಸೌಲಭ್ಯದಲ್ಲಿರುವ ಮಗು ಏನೋ ಗಲಾಟೆ ಮಾಡಿತು, ಶಾಲೆ ಅದನ್ನು 10 ದಿನಕ್ಕಿಂತ ಹೆಚ್ಚು ಹೊರಗಿಡಬೇಕು ಅನ್ನುತ್ತದೆ ಎಂದಿಟ್ಟುಕೊಳ್ಳಿ. ಆಗ ಸಭೆ ಸೇರಬೇಕು. ಆ ಗಲಾಟೆಗೆ ಮಗುವಿನ ತೊಂದರೆಯೇ ಕಾರಣವೇ ಎಂದು ತೀರ್ಮಾನಿಸಬೇಕು. ಮೇಜಿನ ಒಂದು ಕಡೆ ಬೇಸತ್ತ ಪ್ರಿನ್ಸಿಪಾಲ್, ಇನ್ನೊಂದು ಕಡೆ ಅಳುತ್ತಿರುವ ತಾಯಿ. ಎಲ್ಲರೂ ನನ್ನ ವರದಿ ನೋಡುತ್ತಿರುತ್ತಾರೆ. ಹೌದು, ಇದು ಆ ತೊಂದರೆಯಿಂದಲೇ ಆದದ್ದು ಅಂತ ಹೇಳಬೇಕಾದ ದಿನ ಗಂಟಲು ಒಣಗುತ್ತದೆ. ನನ್ನ ವರದಿ ಒಪ್ಪಿಗೆಯಾಗದಿದ್ದರೆ ಪೋಷಕರು ಹೊರಗಿನವರಿಂದ ಇನ್ನೊಂದು ಪರೀಕ್ಷೆ ಕೇಳಬಹುದು. ಶಾಲೆ ಅದರ ಖರ್ಚು ಕೊಡಬೇಕು, ಇಲ್ಲವೇ ತನ್ನ ಪರೀಕ್ಷೆ ಸರಿಯಾಗಿತ್ತು ಎಂದು ವಿಚಾರಣೆಯಲ್ಲಿ ತೋರಿಸಬೇಕು. ನನ್ನ ಜೊತೆಯವರು ಕೆಲವರಿಗೆ ಇದು ಅವಮಾನ ಅನಿಸುತ್ತದೆ. ನನಗೆ ಹಾಗೆ ಅನಿಸಿಲ್ಲ. ಮಗು ಅವರದು, ಕೇಳಲಿ ಬಿಡಿ.

ಇನ್ನೊಂದು ಕೆಲಸದ ಬಗ್ಗೆ ಅಮ್ಮನ ಹತ್ತಿರ ಜಾಸ್ತಿ ಹೇಳಬೇಡಿ, ಸುಮ್ನೆ ಯೋಚನೆ ಮಾಡುತ್ತಾಳೆ. ಬದುಕಬಾರದು ಅನಿಸುತ್ತಿದೆ ಅಂತ ಮಗು ಯಾರಿಗಾದರೂ ಹೇಳಿದರೆ ನನ್ನನ್ನು ಕರೆಯುತ್ತಾರೆ. ಸುತ್ತಿಬಳಸದೆ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು ಭಯ. ಜೀವಕ್ಕೆ ಅಪಾಯ ಇದ್ದರೆ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ, ಮನೆಯವರಿಗೆ ಹೇಳಲೇಬೇಕು. ಮನೆಯಲ್ಲೇ ಹಿಂಸೆ ಇದೆ ಎಂದು ಅನುಮಾನ ಬಂದರೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಅಂಥ ದಿನ ಮನೆಗೆ ಬಂದರೆ ಯಾರ ಜೊತೆಗೂ ಮಾತು ಬೇಡ ಅನಿಸುತ್ತದೆ.

ಉಳಿದದ್ದು ಕಾಗದ, ಮೀಟಿಂಗ್, ಮತ್ತೆ ಕಾಗದ. 500 ಮಕ್ಕಳಿಗೆ ನನ್ನಂಥವರು ಒಬ್ಬರು ಇರಬೇಕು ಅಂತ ನಮ್ಮ ವೃತ್ತಿಯ ರಾಷ್ಟ್ರೀಯ ಸಂಘ ಹೇಳುತ್ತದೆ. ಬಹಳ ಕಡೆ ಒಬ್ಬೊಬ್ಬರ ಪಾಲಿಗೆ ಸಾವಿರ ದಾಟುತ್ತದೆ.

ಚಿಕ್ಕಮ್ಮನ ಮೊಮ್ಮಗ ಓದಲು ತಡವರಿಸುತ್ತಾನೆ, ಹೊಡೆದರೂ ಬುದ್ಧಿ ಬರಲಿಲ್ಲ ಅಂದಿರಿ. ಮೊದಲು ಹೊಡೆಯುವುದು ನಿಲ್ಲಿಸಲು ಹೇಳಿ. ಕಣ್ಣು ಮತ್ತು ಕಿವಿ ಎರಡನ್ನೂ ಪರೀಕ್ಷೆ ಮಾಡಿಸಲಿ, ಬೇರೆಲ್ಲ ಅದಾದ ಮೇಲೆ. ಅವನು ಓದುವಾಗ ಎಲ್ಲಿ ನಿಲ್ಲುತ್ತಾನೆ, ಯಾವ ಅಕ್ಷರ ಬಿಡುತ್ತಾನೆ ಅಂತ ನೀವೇ ಪಕ್ಕದಲ್ಲಿ ಕೂತು ಗುರುತು ಮಾಡಿಕೊಳ್ಳಿ. ತಿದ್ದಬೇಡಿ, ಬರೀ ಗುರುತು. ಅದನ್ನು ನನಗೆ ಕಳಿಸಿ. ನಾನು ಇಲ್ಲಿಂದ ಪರೀಕ್ಷೆ ಮಾಡಲಾಗುವುದಿಲ್ಲ, ಆದರೆ ಅಲ್ಲಿ ಯಾರಿಗೆ ತೋರಿಸಬೇಕು, ಏನು ಕೇಳಬೇಕು ಅಂತ ಹೇಳಬಲ್ಲೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು