ಸ್ಟೇಷನ್ ಆಚೆ ದಂಡೆಗೆ, ಪೇಟೆ ಈಚೆ ದಂಡೆಗೆ

ಕಟೋವಿತ್ಸೆ, ಪೋಲೆಂಡ್

ಅಪ್ಪ, ಅವ್ವನಿಗೆ ನಮಸ್ಕಾರಗಳು.

ನಾನು ಇಲ್ಲಿ ಆರಾಮಾಗಿದ್ದೇನೆ. ಅವ್ವ, ಚಳಿ ಕಡಿಮೆ ಆಗಿದೆ, ಸುಮ್ನೆ ಚಿಂತೆ ಮಾಡಬೇಡ. ಅಪ್ಪ, ಈ ಪತ್ರ ಜಾಸ್ತಿ ನಿಮಗೇ. ಹುಬ್ಬಳ್ಳಿ ರೈಲ್ವೆಯಲ್ಲಿ ಮೂವತ್ತು ವರ್ಷ ದುಡಿದವರಿಗೆ ಹೇಳಲೇಬೇಕಾದ ಊರೊಂದನ್ನು ನೋಡಿ ಬಂದೆ.

ಊರಿನ ಹೆಸರು ಚೆಶಿನ್. ಪೋಲೆಂಡಿನ ದಕ್ಷಿಣ ಅಂಚಿನಲ್ಲಿ, ಬೆಸ್ಕಿಡ್ ಬೆಟ್ಟಗಳ ಬುಡದಲ್ಲಿದೆ. ಊರ ನಡುವೆ ಓಲ್ಜಾ ಅನ್ನೋ ಸಣ್ಣ ಹೊಳೆ. ಈಚೆ ದಂಡೆ ಪೋಲೆಂಡ್, ಆಚೆ ದಂಡೆ ಚೆಕ್ ದೇಶ. ಸೇತುವೆ ಮೇಲೆ ನಡೆದು ಹೋದೆ. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ. 2007ರ ಡಿಸೆಂಬರಿನಲ್ಲಿ ಇಲ್ಲಿನ ತಪಾಸಣೆ ತೆಗೆದುಹಾಕಿದರಂತೆ.

1918ರವರೆಗೆ ಇದು ಒಂದೇ ಊರು. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಹ್ಯಾಬ್ಸ್‌ಬರ್ಗ್ ದೊರೆಗಳ ಆಳ್ವಿಕೆ. 1911ರಲ್ಲಿ ಟ್ರಾಮ್ ಕೂಡ ಬಂತು. ಆಚೆ ದಂಡೆಯ ರೈಲ್ವೆ ಸ್ಟೇಷನ್ನಿನಿಂದ ಹೊರಟು, ಸೇತುವೆ ದಾಟಿ, ಈಚೆಯ ಪೇಟೆಗೆ ಬರುತ್ತಿತ್ತು. ಸಾಮ್ರಾಜ್ಯ ಒಡೆದ ಮೇಲೆ ಜಗಳ ಶುರುವಾಯಿತು. ಈ ಸೀಮೆಯಲ್ಲಿ ಪೋಲಿಷ್ ಮಾತಾಡುವವರೇ ಜಾಸ್ತಿ ಅಂತ ಪೋಲೆಂಡಿನ ವಾದ. ಚೆಕ್ ಕಡೆಯವರಿಗೆ ಬೇಕಾಗಿದ್ದು ರೈಲ್ವೆ ಲೈನು. ಬೊಹುಮಿನ್‌ನಿಂದ ಕೊಶಿತ್ಸೆಗೆ ಹೋಗುವ ಲೈನು ಈ ಊರಿನ ಮೇಲೇ ಹಾಯುತ್ತದೆ. ಆಗ ತಾನೇ ಹುಟ್ಟಿದ್ದ ಚೆಕೊಸ್ಲೊವಾಕಿಯಾಕ್ಕೆ ಸ್ಲೊವಾಕಿಯಾ ತಲುಪಲು ಅದೇ ಮುಖ್ಯ ದಾರಿ. ಜೊತೆಗೆ ಹತ್ತಿರದ ಕಾರ್ವಿನಾ ಊರಿನ ಗಣಿಗಳ ಕಲ್ಲಿದ್ದಲು ಬೇರೆ. 1919ರ ಜನವರಿಯಲ್ಲಿ ಒಂದು ವಾರ ಯುದ್ಧವೇ ನಡೆಯಿತು. ಜನರ ಮತ ಕೇಳುತ್ತೇವೆ ಅಂದವರು ಕೊನೆಗೂ ಕೇಳಲಿಲ್ಲ. 1920ರ ಜುಲೈ 28ರಂದು ದೊಡ್ಡ ದೇಶಗಳ ರಾಯಭಾರಿಗಳು ಹೊಳೆಗುಂಟ ಗಡಿ ಹಾಕಿಬಿಟ್ಟರು. ಕೋಟೆ ಗುಡ್ಡ, ಚೌಕ, ಹಳೇ ಪೇಟೆ ಪೋಲೆಂಡಿಗೆ. ಸ್ಟೇಷನ್ನು, ಲೈನು ಚೆಕ್ ಕಡೆಗೆ. ಮರುವರ್ಷ ಟ್ರಾಮ್ ನಿಂತೇ ಹೋಯಿತು.

ಹುಬ್ಬಳ್ಳಿ ಸ್ಟೇಷನ್ ಒಂದು ದೇಶ, ದುರ್ಗದ ಬೈಲು ಇನ್ನೊಂದು ದೇಶ ಅಂದರೆ ಹೇಗಿರುತ್ತಿತ್ತು ಅಪ್ಪ?

ಆಚೆಯ ಸೀಮೆಗೆ ಪೋಲಿಷರು 'ಜಾಓಲ್ಜೆ' ಅನ್ನುತ್ತಾರೆ. ಓಲ್ಜಾದ ಆಚೆ ಅಂತಲೇ ಅರ್ಥ. 1938ರ ಅಕ್ಟೋಬರಿನಲ್ಲಿ, ಹಿಟ್ಲರ್ ಚೆಕ್ ನೆಲ ಕಸಿಯುತ್ತಿದ್ದ ಹೊತ್ತಿಗೇ, ಪೋಲೆಂಡ್ ಇದನ್ನು ತಗೊಂಡಿತು. ಪಕ್ಕದ ಮನೆಯವರು ಕಷ್ಟದಲ್ಲಿದ್ದಾಗ ಹಾಗೆ ಮಾಡಿದ್ದು ನನಗಂತೂ ಸರಿ ಅನಿಸಲಿಲ್ಲ. ವರ್ಷ ತುಂಬುವುದರೊಳಗೆ ಇಡೀ ಸೀಮೆ ಜರ್ಮನಿಯ ಪಾಲಾಯಿತು. 1945ರಲ್ಲಿ ಮತ್ತೆ ಅದೇ ಹೊಳೆ, ಅದೇ ಗಡಿ. ಆಚೆ ಕಡೆ ಪೋಲಿಷ್ ಮನೆಮಾತಿನವರು ಇನ್ನೂ ಇದ್ದಾರೆ. ಎಷ್ಟೋ ಹಳ್ಳಿಗಳಲ್ಲಿ ಬೋರ್ಡುಗಳು ಎರಡೂ ಭಾಷೆಯಲ್ಲಿವೆ.

2020ರಲ್ಲಿ ಕೊರೊನಾಕ್ಕೆ ಸೇತುವೆ ಮುಚ್ಚಿದಾಗ, ಈಚೆ ದಂಡೆಯಲ್ಲಿ ಒಂದು ಬ್ಯಾನರ್ ಕಟ್ಟಿದರು. ಚೆಕ್ ಜನರೇ, ನಿಮ್ಮನ್ನು ಕಾಣದೆ ಬೇಜಾರಾಗಿದೆ ಅನ್ನೋ ಅರ್ಥದ್ದು. ಆಚೆಯಿಂದ ನಮಗೂ ಅಷ್ಟೇ ಅಂತ ಇನ್ನೊಂದು ಬ್ಯಾನರ್ ಬಂತು. ಇದನ್ನು ಕೇಳಿ ನನಗೆ ಕಣ್ಣು ತುಂಬಿತು.

ಆಚೆಯ ಸ್ಟೇಷನ್ನಿನಲ್ಲಿ ಒಂದು ತಾಸು ಕೂತು ಗಾಡಿ ನೋಡಿದೆ. ಪ್ಲಾಟ್‌ಫಾರ್ಮ್, ಸಿಗ್ನಲ್, ಎಲ್ಲದರ ಫೋಟೋ ತೆಗೆದಿದ್ದೇನೆ. ತಮ್ಮನ ಫೋನಿಗೆ ಕಳಿಸುತ್ತೇನೆ, ದೊಡ್ಡದು ಮಾಡಿ ತೋರಿಸಲು ಹೇಳಿ. ನಮ್ಮ ಸಿಗ್ನಲ್ಲಿಗೂ ಇದಕ್ಕೂ ಏನು ಫರಕು ಅಂತ ನೀವೇ ಬರೆಯಬೇಕು.

ಇಂತಿ ನಿಮ್ಮ ಮಗಳು