ಮಗಳಿಗೊಂದು ಪತ್ರ: ಮೊದಲ ಪಂದ್ಯದ ಮರುದಿನ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ನೀನು ರಿಂಗಿನಿಂದ ಇಳಿದು ಬಂದಾಗ ನಿನ್ನ ಬೆನ್ನು ತಟ್ಟಲು ಕೈ ಎತ್ತಿದವನು ಹಾಗೆಯೇ ಇಳಿಸಿದೆ. ಹಗ್ಗಕ್ಕೆ ಬಡಿದು ಬಡಿದು ಕಂಕುಳ ಕೆಳಗೆ ಎದ್ದಿದ್ದ ನೀಲಿ ಬಾಸುಂಡೆ ಕಣ್ಣಿಗೆ ಬಿದ್ದಿತ್ತು. ಆಗ ಗಂಟಲಲ್ಲೇ ಉಳಿದ ಮಾತುಗಳನ್ನು ಈಗ ಬರೆಯುತ್ತಿದ್ದೇನೆ.

ವೃತ್ತಿಪರ ಕುಸ್ತಿ ಕಲಿಯುತ್ತೇನೆ ಎಂದು ಎರಡು ವರ್ಷಗಳ ಹಿಂದೆ ನೀನು ಹೇಳಿದಾಗ, ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನವಾಗಿರುವ ಆಟಕ್ಕೆ ಮೈ ಮುರಿದುಕೊಳ್ಳುವುದೇಕೆ ಎಂದು ಕೇಳಿದ್ದೆ. ಅದಕ್ಕೆ ಉತ್ತರ ಸಿಕ್ಕಿದ್ದು ತರಬೇತಿ ಶಾಲೆಯ ಗೋಡೆಗೊರಗಿ ನಿಂತು ಕಳೆದ ಒಂದು ಬೆಳಗಿನಲ್ಲಿ. ಅಂದು ನೀವೆಲ್ಲ ಮಾಡಿದ್ದು ಒಂದೇ ಕೆಲಸ, ಹಿಂದಕ್ಕೆ ಬೀಳುವುದು. ಗದ್ದವನ್ನು ಎದೆಗೆ ಒತ್ತಿಕೊಂಡು, ಉಸಿರನ್ನು ಹೊರಬಿಟ್ಟು, ಬೆನ್ನಿನ ಮೇಲ್ಭಾಗವೆಲ್ಲ ಒಟ್ಟಿಗೇ ತಾಗುವಂತೆ ಬಿದ್ದು, ಅದೇ ಕ್ಷಣಕ್ಕೆ ಎರಡೂ ತೋಳುಗಳಿಂದ ಕ್ಯಾನ್ವಾಸನ್ನು ಬಡಿಯಬೇಕು; ಹಾಗೆ ಮಾಡಿದರೆ ಪೆಟ್ಟು ಒಂದೆಡೆ ನಿಲ್ಲದೆ ಹರಡಿಹೋಗುತ್ತದೆ, ಗದ್ದ ಮೇಲೆದ್ದರೆ ತಲೆಯ ಹಿಂಭಾಗ ಅಪ್ಪಳಿಸುತ್ತದೆ. ನೀವು ಅದನ್ನು ಬಂಪ್ ಎನ್ನುತ್ತೀರಿ. ರಿಂಗಿನ ನೆಲ ಮೆತ್ತಗಿರುತ್ತದೆ ಎಂದೇ ನಾನು ನಂಬಿದ್ದೆ. ಅಂಗೈ ಊರಿ ಒತ್ತಿ ನೋಡಿದಾಗ ತಿಳಿಯಿತು: ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಹಲಗೆಗಳು, ತೆಳುವಾದ ಒಂದು ಪದರ ಫೋಮ್, ಮೇಲೆ ಬಿಗಿದ ಬಟ್ಟೆ, ಅಷ್ಟೇ.

ನೀನು ಮೊದಲು ಸೇರಿದ್ದ ಶಾಲೆಯ ಬಗ್ಗೆ ನನ್ನ ಸಿಟ್ಟು ಇನ್ನೂ ಆರಿಲ್ಲ. ಸರಿಯಾಗಿ ಬೀಳುವುದನ್ನು ಕಲಿಸುವ ಮೊದಲೇ, ಎರಡನೆಯ ವಾರದಲ್ಲಿ, ನಿನ್ನನ್ನು ಎತ್ತಿ ಒಗೆಯಲು ಬಿಟ್ಟರು. ಹತ್ತು ದಿನ ನೀನು ಕತ್ತು ತಿರುಗಿಸಲಾಗದೆ ಒದ್ದಾಡಿದೆ. ಅಲ್ಲಿಗೆ ಈ ಹುಚ್ಚು ಮುಗಿಯಿತು ಎಂದುಕೊಂಡಿದ್ದೆ. ನೀನು ಬೇರೆ ಗುರುವನ್ನು ಹುಡುಕಿಕೊಂಡೆ. ತಿಂಗಳುಗಟ್ಟಲೆ ಬೀಳುವುದು, ಉರುಳುವುದು, ಹಗ್ಗದಿಂದ ಹಗ್ಗಕ್ಕೆ ಮೂರೇ ಹೆಜ್ಜೆಗಳಲ್ಲಿ ಓಡುವುದು ಇವನ್ನೇ ಮಾಡಿಸಿದ ಆ ಗುರುವಿನ ಋಣ ದೊಡ್ಡದು. ಪಂದ್ಯ ಸಿಗುವ ಮೊದಲು ಒಂದು ವರ್ಷ ನೀನು ಪ್ರದರ್ಶನಗಳಿಗೆ ಹೋಗಿ ಬಂದದ್ದು ರಿಂಗ್ ಕಟ್ಟಲು ಮತ್ತು ಬಿಚ್ಚಲು. ಹಲಗೆ ಹೊತ್ತು ಹೆಗಲು ಕೆಂಪಾಗಿಸಿಕೊಂಡು ಬರುತ್ತಿದ್ದೆ. ಎಲ್ಲ ಹೊಸಬರೂ ಇದನ್ನು ಮಾಡಲೇಬೇಕು, ಅಪ್ಪ, ಎನ್ನುತ್ತಿದ್ದೆ.

ನಿನ್ನೆಯ ಪಂದ್ಯದಲ್ಲಿ ಜನರೆಲ್ಲ ನಿಮ್ಮಿಬ್ಬರ ಮುಖಗಳನ್ನು ನೋಡುತ್ತಿದ್ದರೆ ನಾನು ಕೈಗಳನ್ನೇ ನೋಡುತ್ತಿದ್ದೆ. ನಿನ್ನ ಎದುರಾಳಿ ನಿನ್ನನ್ನು ಎತ್ತಿದಾಗ ನಿನ್ನ ಅಂಗೈ ಅವಳ ತೊಡೆಯ ಮೇಲೆ ಊರಿತ್ತು; ನೀನೂ ಒಂದಿಷ್ಟು ಜಿಗಿದು ಅವಳ ಭಾರವನ್ನು ಹಂಚಿಕೊಂಡೆ. ಬಿದ್ದ ಮೇಲೆ ಅವಳು ನಿನ್ನ ಮಣಿಕಟ್ಟು ಹಿಡಿದೆಳೆಯುವಂತೆ ನಟಿಸುತ್ತಲೇ ಬೆರಳುಗಳನ್ನು ಮೆಲ್ಲಗೆ ಒತ್ತಿದಳು, ನೀನು ತಿರುಗಿ ಒತ್ತಿದೆ. ನೋವಾಗಿಲ್ಲ ತಾನೇ ಎಂಬ ಪ್ರಶ್ನೆ, ಇಲ್ಲ ಎಂಬ ಉತ್ತರ, ಅಷ್ಟು ಜನರ ಕೂಗಿನ ನಡುವೆ. ಎದುರಾಳಿ ತನ್ನ ಕುತ್ತಿಗೆಯನ್ನು ನಿನ್ನ ಕೈಗೆ ಒಪ್ಪಿಸುತ್ತಾಳೆ, ನಿನ್ನದನ್ನು ತಾನು ಕಾಯುತ್ತಾಳೆ. ಈ ನಂಬಿಕೆಯನ್ನು ನೋಡಿದ ಮೇಲೆ ಸೋಲು ಗೆಲುವು ಮೊದಲೇ ನಿಶ್ಚಯವಾಗಿತ್ತು ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣಲೇ ಇಲ್ಲ.

ಮುಂದಿನ ದಾರಿ ಸುಲಭವಲ್ಲವೆಂದು ನಿನಗೇ ಗೊತ್ತಿದೆ. ಯಾವ ದೊಡ್ಡ ಕಂಪನಿಯ ಒಪ್ಪಂದವೂ ಇಲ್ಲದ ಸ್ವತಂತ್ರ ಕುಸ್ತಿಪಟು ತನ್ನ ಪಂದ್ಯಗಳನ್ನು ತಾನೇ ಗೊತ್ತುಮಾಡಿಕೊಳ್ಳಬೇಕು, ಬಹುತೇಕ ಪ್ರಯಾಣದ ಖರ್ಚನ್ನೂ ಚಿಕಿತ್ಸೆಯ ಖರ್ಚನ್ನೂ ತಾನೇ ಹೊರಬೇಕು, ವಿರಾಮದಲ್ಲಿ ಮೇಜಿನ ಹಿಂದೆ ನಿಂತು ಟೀಶರ್ಟ್ ಮಾರಬೇಕು. ಅಮೆರಿಕದ ಕುಸ್ತಿಪಟು ಸಾರಾ ಡೆಲ್ ರೇ ಸುಮಾರು ಹತ್ತು ವರ್ಷ ಹಾಗೆಯೇ ದುಡಿದು, 2012ರಲ್ಲಿ ಅಲ್ಲಿನ ದೊಡ್ಡ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಇ ಸೇರಿದ್ದು ತರಬೇತುದಾರಳಾಗಿ. ಅದನ್ನು ನಾನು ಸೋಲು ಎನ್ನಲಾರೆ. ಅವರ ಕೈಯಲ್ಲಿ ಕಲಿತವರು ಎಷ್ಟೊಂದು ಜನ!

ಹಣದ ಚಿಂತೆಗಿಂತ ನನ್ನನ್ನು ಕಾಡುವುದು ನಿನ್ನ ತಲೆಯ ಚಿಂತೆ. ಕುಸ್ತಿಪಟು ಬೆಕಿ ಲಿಂಚ್ ಐರ್ಲೆಂಡಿನಲ್ಲಿ 2002ರಲ್ಲಿ ತರಬೇತಿ ಆರಂಭಿಸಿದಾಗ ಅವರಿಗೆ 15 ವರ್ಷ. 2006ರಲ್ಲಿ ಜರ್ಮನಿಯ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ಬಿದ್ದು ವರ್ಷಗಟ್ಟಲೆ ರಿಂಗಿನಿಂದ ದೂರವಿದ್ದರು. ಬೇರೆ ಕೆಲಸಗಳನ್ನು ಮಾಡಿದರು, ಮರಳಿದರು, 2019ರಲ್ಲಿ ಡಬ್ಲ್ಯೂಡಬ್ಲ್ಯೂಇಯ ವರ್ಷದ ಅತಿ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದ ಕೊನೆಯ ಮುಖ್ಯ ಪಂದ್ಯವನ್ನು ಮಹಿಳೆಯರು ಮೊದಲ ಬಾರಿಗೆ ಆಡಿದಾಗ ಗೆದ್ದವರು ಅವರೇ. ದೂರ ಉಳಿದ ಆ ವರ್ಷಗಳನ್ನು ನೀನು ನೆನಪಿನಲ್ಲಿಡು. ತಲೆ ಸುತ್ತಿದರೆ, ಬೆಳಕು ಚುಚ್ಚಿದರೆ, ಒಂದು ಕ್ಷಣ ಎಲ್ಲಿದ್ದೇನೆಂದು ಮರೆತುಹೋದರೆ ರೆಫರಿಗೆ ಹೇಳು. ಅವರು ಎರಡೂ ಕೈಗಳನ್ನು ಅಡ್ಡಡ್ಡವಾಗಿ ಮೇಲೆತ್ತಿ ಪಂದ್ಯ ನಿಲ್ಲಿಸಲಿ. ಮುಂದಿನ ಅವಕಾಶ ತಪ್ಪೀತೆಂಬ ಭಯಕ್ಕೆ ಮುಚ್ಚಿಡಬೇಡ. ನನ್ನಿಂದಲೂ ಮುಚ್ಚಿಡಬೇಡ, ಬಿಟ್ಟುಬಿಡು ಎಂದು ನಾನು ಹೇಳುವುದಿಲ್ಲ, ಮಾತು ಕೊಡುತ್ತೇನೆ.

ಮುಂದಿನ ತಿಂಗಳ ಪಂದ್ಯಕ್ಕೆ ನಾನು ರಿಂಗ್ ಕಟ್ಟುವ ಹೊತ್ತಿಗೇ ಬರುತ್ತೇನೆ. ನಿನ್ನ ಗುರುವಿನ ಅಪ್ಪಣೆ ಕೇಳಿಟ್ಟಿರು. ಹಲಗೆಯ ಇನ್ನೊಂದು ತುದಿಯನ್ನು ನಾನು ಹಿಡಿಯುತ್ತೇನೆ.

ಇಂತಿ ನಿನ್ನ
ಅಪ್ಪ